ಕಾರಿನ ಹೊಟ್ಟೆಯ ಡಬ್ಬಿ ಮತ್ತು ನನ್ನ ಮೂಗು

ನನಗೆ ಗಾಡಿ ಆಗಿಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎತ್ತಿನ ಬಂಡಿಯಲ್ಲಿ ದಿನವಿಡೀ ಕೂರಿಸಿದರೂ ನಗುತ್ತಲೇ ಇಳಿಯುತ್ತೇನೆ. ಆದರೆ ಹೊಗೆ ಬಿಡುವ ಯಾವ ಗಾಡಿ ಹತ್ತಿದರೂ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುತ್ತಿತ್ತು. ನಾವಿರುವ ಜತ್ತದಿಂದ ಹೊರಟ ಬಸ್ಸು ಅಸಂಗಿ ದಾಟುವ ಹೊತ್ತಿಗೆ ನಾನು ಕಿಟಕಿಯಿಂದ ಅರ್ಧ ಹೊರಗಿರುತ್ತಿದ್ದೆ. ಮೂಸಲೆಂದು ಕೈಯಲ್ಲಿ ಹಿಡಿದ ನಿಂಬೆಹಣ್ಣು ಊರು ಸೇರುವಷ್ಟರಲ್ಲಿ ನನ್ನ ಉಗುರಿನ ಗಾಯಗಳಿಂದ ಹಿಪ್ಪೆಯಾಗಿರುತ್ತಿತ್ತು.

ಊರೆಂದರೆ ಅಕ್ಕನ ಊರು. ಗಡಿಯಾಚೆ, ಬಿಜಾಪುರದ ಕಡೆಗೆ. ತಾಯಿ ಬೇಗ ಹೋದ ಮೇಲೆ ನನಗೆ ತಲೆ ಬಾಚಿ, ಬೈದು, ಉಣ್ಣಿಸಿ ಬೆಳೆಸಿದವಳು ಅವಳೇ. ಪ್ರತಿವರ್ಷ ಎಳ್ಳಮಾವಾಸ್ಯೆಗೆ ಅವಳ ಮನೆಗೆ ಹೋಗುತ್ತಿದ್ದೆವು. ಆ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವೆಂದು ಬೆಳೆಗೆ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಸಾಲಾಗಿ ಕೂತು ಉಣ್ಣುತ್ತಾರೆ. ಅವರು ಹೊಲಕ್ಕೆ ಹೋದರೆ ನಾನು ಅಕ್ಕನ ಕತ್ತಲೆ ಕೋಣೆಯಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು, ಬೆಕ್ಕಿನ ಜೊತೆ ಮನೆ ಕಾಯುತ್ತಿದ್ದೆ. ಒಂದು ದಿನ ಮೊದಲೇ ಹೋಗೋಣವೆಂದರೆ ಇಲ್ಲಿ ಅತ್ತೆ-ಮಾವ, ನಮ್ಮವರ ಬಟ್ಟೆ ಅಂಗಡಿ, ನನ್ನ ಹೊಲಿಗೆ. ಬೆಳಗಿನ ಬಸ್ಸಿಗೆ ಹೋಗಿ ಮರುದಿನ ಬರುವಷ್ಟೇ ಬಿಡುವು.

"ವರ್ಷಾ ಬಂದು ಗ್ವಾಡಿಗೆ ಮಾರಿ ಮಾಡಿ ಮಲಗತಿ. ನಿನ್ನ ಬೆನ್ನ ನೋಡಿ ನೋಡಿ ಸಾಕಾಗೇತಿ ನಂಗ," ಎಂದು ಅಕ್ಕ ನಗುತ್ತಿದ್ದಳು. ಹೊಲದಿಂದ ಬಂದವರ ಸೀರೆಯಲ್ಲಿ ಕಡಲೆ ಗಿಡದ ಹುಳಿ ವಾಸನೆ ಇರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವಳ ಜೊತೆ ಒಂದೇ ಒಂದು ಸಲ ಆ ಗಿಡದ ಕೆಳಗೆ ಕೂತು ಉಣ್ಣಬೇಕು ಎನ್ನುವುದು ನನಗೆ ದೊಡ್ಡ ಆಸೆಯಾಗಿ ಕೂತುಬಿಟ್ಟಿತ್ತು. ಬೇರೆಯವರು ಕಾಶಿಗೆ ಹೋಗಬೇಕೆನ್ನುವಂತೆ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮವರು ಪುಣೆಯ ಸೀರೆ ವ್ಯಾಪಾರಿಯೊಬ್ಬರಿಂದ ಹಳೆಯ ಬಿಳಿ ಕಾರೊಂದನ್ನು ಕೊಂಡು ತಂದರು. ಓಣಿಯೇ ನೋಡಲು ಬಂತು. ನಾನು ಮಾತ್ರ ಅದನ್ನು ಹೊಸ ಶತ್ರುವನ್ನು ನೋಡಿದಂತೆ ನೋಡಿದೆ. ಆದರೂ ಕುಣಿಕೋಣೂರಿನ ಒಂದು ಮದುವೆಗೆ ಹತ್ತಲೇಬೇಕಾಯಿತು. ಹಲ್ಲು ಕಚ್ಚಿ ಕೂತೆ, ವಾಂತಿಗೆ ಕಾದೆ. ಅದು ಬರಲೇ ಇಲ್ಲ. ಕುಣಿಕೋಣೂರಿನಲ್ಲಿ ಇಳಿದಾಗ ನನಗೆ ಹಸಿವಾಗಿತ್ತು! ಪ್ರಯಾಣ ಮಾಡಿ ಇಳಿದು ಹಸಿವಾಗುವುದು ಹೇಗಿರುತ್ತದೆಂದು ನನಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ. ದರಿಬಡಚಿಗೆ ಹೋದಾಗಲೂ ಹಾಗೇ ಆಯಿತು.

"ನನ್ನ ಡ್ರೈವಿಂಗ್ ಹಂಗೈತಿ," ಎಂದು ನಮ್ಮವರು ಮೀಸೆ ತಿರುವಿದರು. ಡ್ರೈವಿಂಗ್ ಹೇಗಿತ್ತೆಂದರೆ, ನಮ್ಮ ಓಣಿಯ ಕೋಳಿಗಳು ಈಗಲೂ ಬಿಳಿ ಕಾರು ಕಂಡರೆ ಗೋಡೆ ಹತ್ತುತ್ತವೆ. ಆದರೆ ಎಳ್ಳಮಾವಾಸ್ಯೆ ಮುಂದಿತ್ತು, ನಾನು ಹೊಗಳಿ ಸುಮ್ಮನಾದೆ.

ಇಷ್ಟರಲ್ಲಿ ನನ್ನ ಅಡುಗೆಮನೆಯಿಂದ ಎಣ್ಣೆ ಸುರಿಯುವ ಲಾಳಿಕೆ ಕಾಣೆಯಾಯಿತು. ಅತ್ತೆಯನ್ನು ಕೇಳಿದೆ, ಪಕ್ಕದ ಮನೆಯವರನ್ನೂ ಕೇಳಿ ಮುಖ ಕೆಡಿಸಿಕೊಂಡೆ. ಕೊನೆಗೆ ಸಿಕ್ಕಿದ್ದು ಕಾರಿನ ಡಿಕ್ಕಿಯಲ್ಲಿ. ಕಾರಿನ ಪೆಟ್ರೋಲ್ ಟಾಕಿಯ ಬಾಯಿ ಸಣ್ಣದಂತೆ, ನಮ್ಮ ಪಂಪಿನ ನಳಿಗೆ ಅದರಲ್ಲಿ ಹಿಡಿಯುವುದಿಲ್ಲವಂತೆ. ಅದಕ್ಕೆ ನಮ್ಮವರು ಲಾಳಿಕೆ ಇಟ್ಟು ಪೆಟ್ರೋಲ್ ಸುರಿಸುತ್ತಿದ್ದರು. ಮಾರಿದವರು ಕಾರು ಕೊಡುವಾಗಲೇ ಹೇಳಿದ್ದರು, ಇದಕ್ಕೆ ಸೀಸವಿಲ್ಲದ ಪೆಟ್ರೋಲನ್ನೇ ಹಾಕಬೇಕು ಎಂದು. ಅದು ಆಗ ದೊಡ್ಡ ಊರುಗಳಲ್ಲಷ್ಟೇ ಸಿಗುತ್ತಿತ್ತು. "ಪೆಟ್ರೋಲ್ ಅಂದ್ರ ಪೆಟ್ರೋಲ್," ಎಂದು ನಮ್ಮವರು ಮುಗಿಸಿದ್ದರು. ಬೇರೆ ಪೆಟ್ರೋಲ್ ಒಳಗೆ ಹೋಗಬಾರದೆಂದೇ ಆ ಬಾಯನ್ನು ಸಣ್ಣದಾಗಿ ಮಾಡಿದ್ದಾರೆಂದು ಯಾರಿಗೂ ಹೊಳೆಯಲಿಲ್ಲ.

ಕೆಲವು ತಿಂಗಳಲ್ಲಿ ಕಾರು ಸೋಲತೊಡಗಿತು. ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಒಮ್ಮೆ ಜೋಳದ ದಂಟಿನ ಕಡಬಿ ತುಂಬಿದ ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದರ ಡ್ರೈವರ್ ತಿರುಗಿ ನೋಡಿ ನಕ್ಕಿದ್ದನ್ನು ನಮ್ಮವರು ಇಂದಿಗೂ ಮರೆತಿಲ್ಲ. ಗಾಡಿ ಗ್ಯಾರೇಜು ಸೇರಿತು. ನನಗೆ ತಿಳಿದದ್ದಿಷ್ಟೇ: ರಿಪೇರಿಯಾಯಿತು, ಈಗ ಕುದುರೆಯಂತೆ ಓಡುತ್ತದೆ.

ಎಳ್ಳಮಾವಾಸ್ಯೆ ಬಂತು. ಹೊಸ ಇಳಕಲ್ಲ ಸೀರೆ ಉಟ್ಟು, ಅಭ್ಯಾಸಬಲದಿಂದ ಒಂದು ನಿಂಬೆಹಣ್ಣು ಹಿಡಿದು, ಹಾಡುತ್ತ ಕಾರು ಹತ್ತಿದೆ. ಅಸಂಗಿ ಇನ್ನೂ ಬಂದಿರಲಿಲ್ಲ. ಅದೇ ಹಳೆಯ ವಾಸನೆ, ಬಸ್ಸಿನದು, ಜೀಪಿನದು, ಮೂಗಿನ ಬುಡಕ್ಕೆ ಬಂದು ಕೂತಿತು.

"ನಿಂದರ್ಸ್ರಿ! ಏನ ಮಾಡ್ಸೀರಿ ಗಾಡಿಗಿ?"

"ಏನಿಲ್ಲ. ತಳದಾಗ ಒಂದ ಡಬ್ಬಿ ಕಟಗೊಂಡಿತ್ತು, ತಗಸೀನಿ."

ಇಳಕಲ್ಲ ಸೀರೆ ಕೆಟ್ಟಿತು. ಅಕ್ಕನ ಕೋಣೆ ಕತ್ತಲೆಯಾಗಿಯೇ ಇತ್ತು, ಹಾಸಿಗೆ ಹಾಸಿಯೇ ಇತ್ತು, ಪಕ್ಕದಲ್ಲಿ ಬಕೆಟ್ಟು. ಬೆಕ್ಕು ಬಂದು ಕಾಲಬುಡದಲ್ಲಿ ಮಲಗಿತು. ಹೊರಗೆ ಎಲ್ಲರೂ ಬುಟ್ಟಿ ಹೊತ್ತು ಹೊರಡುವ ಗದ್ದಲ ಕೇಳುತ್ತ ನಾನು ಗೋಡೆಯ ಕಡೆ ಹೊರಳಿದೆ. ಸಿಟ್ಟು ಎಷ್ಟಿತ್ತೆಂದರೆ ವಾಂತಿಯೂ ಅರ್ಧಕ್ಕೇ ನಿಂತಿತು.

ಮರಳಿ ಬಂದವಳೇ ನಮ್ಮವರನ್ನು ಕರೆದುಕೊಂಡು ಗ್ಯಾರೇಜಿಗೆ ಹೋದೆ. ಅಲ್ಲಿಯ ಮಿಸ್ತ್ರಿ ನಮ್ಮವರ ಹಳೆಯ ಗೆಳೆಯ, ಮನೆಯಲ್ಲಿ ದಖನಿ, ನಮ್ಮೊಡನೆ ಕನ್ನಡ, ಗಿರಾಕಿಯೊಡನೆ ಮರಾಠಿ ಆಡುವ ಮನುಷ್ಯ; ನಾನು ಅವನಿಗೆ ವೈನಿ, ಅಂದರೆ ಅತ್ತಿಗೆ. ಮೂಲೆಯಲ್ಲಿ ಬಿದ್ದಿದ್ದ ಡಬ್ಬಿ ತೋರಿಸಿದ. ಹೊರಗೆ ತುಕ್ಕು ಹಿಡಿದ ತಗಡು, ಒಳಗೆ ಸಣ್ಣ ಸಣ್ಣ ತೂತಿನ, ಜೇನುಹುಟ್ಟಿನಂಥ ಕಲ್ಲು. ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಅದರ ಹೆಸರು. ಎಂಜಿನ್ನಿನ ಹೊಗೆ ಈ ತೂತುಗಳಲ್ಲಿ ಹಾಯ್ದು, ಅದರ ವಿಷ ಕಡಿಮೆಯಾಗಿ ಹೊರಗೆ ಹೋಗುತ್ತದಂತೆ. ನಮ್ಮ ಪೆಟ್ರೋಲಿನ ಸೀಸ ಕೂತು ಕಲ್ಲು ಕೆಟ್ಟು, ತೂತು ಮುಚ್ಚಿ, ಕಾರಿಗೆ ಉಸಿರು ಕಟ್ಟಿತ್ತು. ಮಿಸ್ತ್ರಿ ಡಬ್ಬಿ ಕೊಯ್ದು ತೆಗೆದು, ಅಲ್ಲಿ ಒಂದು ನೆಟ್ಟನೆಯ ಪೈಪು ಬೆಸೆದಿದ್ದ.

"ಇದನ್ನ ತಿರಗಿ ಕೂಡಸ್ರಿ," ಅಂದೆ.

ಇಬ್ಬರೂ ನಕ್ಕರು. "ವೈನಿ, ಇದು ದೊಡ್ಡ ಊರಿನವರ ಶೋಕಿ ಐತ್ರಿ," ಅಂದ ಮಿಸ್ತ್ರಿ. "ಎಲ್ಲಾರೂ ತಗಸಾಕ ಬರ್ತಾರ. ಹಾಕಸಾಕ ಬಂದವ್ರು ನೀವ ಮೊದಲನೇದವ್ರು. ವಾಸನಿ ಗಾಡ್ಯಾಗ ಇಲ್ರಿ, ನಿಮ್ಮ ತೆಲ್ಯಾಗೈತಿ."

"ತೆಲ್ಯಾಗ ಇದ್ರ, ಡಬ್ಬಿ ತಗಸಿದ್ದು ನಂಗ ಹೆಂಗ ಗೊತ್ತಾತು? ಇವರಂತೂ ಹೇಳಿದ್ದಿಲ್ಲ."

ಮಿಸ್ತ್ರಿ ನಮ್ಮವರ ಮುಖ ನೋಡಿದ. ನಮ್ಮವರು ಆಕಾಶ ನೋಡಿದರು. ಕೊನೆಗೆ ಮಿಸ್ತ್ರಿಯೇ ದಾರಿ ಹೇಳಿದ: ಸತ್ತ ಡಬ್ಬಿ ಏಳುವುದಿಲ್ಲ, ಬೇರೆಯದು ಬೇಕು, ಆದರೆ ಈ ಪೆಟ್ರೋಲಿಗೆ ಅದೂ ಸಾಯುತ್ತದೆ, ಪೆಟ್ರೋಲ್ ಬದಲಾಗುವತನಕ ಕಾಯಬೇಕು.

ಕಾದೆ. ಅಲ್ಲಿಯತನಕ ಕಾರು ಹತ್ತುವುದಿಲ್ಲವೆಂದು ಹೇಳಿ, ಹತ್ತಲಿಲ್ಲ. ಮುಂದಿನ ಸೀಟಿನಲ್ಲಿ ನಮ್ಮತ್ತೆ ಕೂತು ಊರೆಲ್ಲ ತಿರುಗಿದರು; ಅವರಿಗೆ ನನ್ನ ಹಟದ ಬಗ್ಗೆ ಒಂದಿಷ್ಟೂ ಬೇಸರವಿರಲಿಲ್ಲ. ನಮ್ಮವರಿಗೆ ಮಾತ್ರ ಹೆಂಡತಿಯಿಲ್ಲದ ಕಾರು ಉಪ್ಪಿಲ್ಲದ ಸಾರಾಯಿತು. ಒಂದು ದಿನ ಸಂಜೆ ಮನೆಗೆ ಬಂದು ನನ್ನ ಲಾಳಿಕೆಯನ್ನು ಕೈಗಿಟ್ಟರು. ನಮ್ಮ ಪಂಪಿಗೂ ಸೀಸವಿಲ್ಲದ ಹೊಸ ಪೆಟ್ರೋಲ್ ಬಂದಿತ್ತು, ಅದರ ಜೊತೆ ಸಣ್ಣ ನಳಿಗೆಯೂ. ಲಾಳಿಕೆ ಎಣ್ಣೆಗೆ ಬರುವಂತಿರಲಿಲ್ಲ, ಎಷ್ಟು ತಿಕ್ಕಿದರೂ ನಾರುತ್ತಿತ್ತು. ಆದರೂ ಅಂದು ನನಗೆ ಬಂಗಾರ ತಂದುಕೊಟ್ಟಷ್ಟು ಖುಷಿಯಾಯಿತು.

ಮುಂದಿನ ಸಲ ಸೀರೆ ತರಲು ಪುಣೆಗೆ ಹೋದಾಗ, ಅಪಘಾತದಲ್ಲಿ ನಜ್ಜುಗುಜ್ಜಾಗಿ ಬಿಡಿಭಾಗಗಳ ಮಾರಾಟಕ್ಕೆ ನಿಂತಿದ್ದ ಅದೇ ಮಾದರಿಯ ಕಾರಿನ ಡಬ್ಬಿಯನ್ನು ಹುಡುಕಿ ತಂದರು. ಸೀರೆ ಗಂಟಿನ ನಡುವೆ ಇಟ್ಟು ತಂದಿದ್ದರಿಂದ ಒಂದು ಹಸಿರು ಸೀರೆಗೆ ತುಕ್ಕಿನ ಕಲೆ ಹತ್ತಿತು. ಅದನ್ನು ಗಿರಾಕಿಗೆ ಕೊಡಲಾಗಲಿಲ್ಲ; ನನಗೇ ಬಂತು.

ಮಿಸ್ತ್ರಿ ಪೈಪು ಕೊಯ್ದು ಡಬ್ಬಿ ಬೆಸೆದು, ಎಂಜಿನ್ ಚಾಲೂ ಮಾಡಿ, ಸ್ವಲ್ಪ ಬಿಸಿಯಾಗಲು ಬಿಟ್ಟ. ಆಮೇಲೆ ನನ್ನನ್ನು ಕರೆದ. "ವೈನಿ, ನನ್ನ ಮೂಗು ಪೆಟ್ರೋಲದಾಗ ಸತ್ತೈತ್ರಿ. ನೀವ ನೋಡಿ ಹೇಳ್ರಿ."

ಕಾರಿನ ಹಿಂದೆ ನಿಂತು ಸೆರಗು ಸರಿಸಿ ಉಸಿರೆಳೆದೆ. ಬೆಂಕಿಕಡ್ಡಿ ಗೀರಿದಂಥ ಸಣ್ಣ ವಾಸನೆ ಇತ್ತು, ಅಷ್ಟೇ. ಆ ಹಳೆಯ ಪೀಡೆ ಇರಲಿಲ್ಲ. "ಚಲೋ ಆಗೇತಿ," ಅಂದೆ. ಮಿಸ್ತ್ರಿ ತನ್ನದೇ ಕಾರಿಗೆ ಡಬ್ಬಿ ಕೂಡಿಸಿದಷ್ಟು ಹಿಗ್ಗಿದ. ಆಮೇಲೆ ಬೇರೆಯವರ ಕಾರು ರಿಪೇರಿ ಮಾಡಿದಾಗಲೂ ನಮ್ಮ ಮನೆ ಮುಂದೆ ನಿಲ್ಲಿಸಿ, "ಒಂದ ಸಲ ಮೂಸ್ರಿ ವೈನಿ," ಅನ್ನತೊಡಗಿದ. ನಾನು ಲಟ್ಟಣಿಗೆ ತೋರಿಸಿದ ಮೇಲೆ ಬಿಟ್ಟ.

ಆ ವರ್ಷದ ಎಳ್ಳಮಾವಾಸ್ಯೆಗೆ ಕಲೆಯ ಹಸಿರು ಸೀರೆಯನ್ನೇ ಉಟ್ಟೆ. ನಿಂಬೆಹಣ್ಣು ಹಿಡಿದೇ ಕೂತೆ, ನನಗಿನ್ನೂ ಧೈರ್ಯವಿರಲಿಲ್ಲ. ಅಸಂಗಿ ಬಂತು, ಹೋಯಿತು. ಗಡಿ ದಾಟಿದೆವು. ದಾರಿಯ ಎರಡೂ ಬದಿ ಜೋಳ ತೆನೆ ಬಿಟ್ಟಿತ್ತು. ಇಷ್ಟು ವರ್ಷ ಅದೇ ದಾರಿಯಲ್ಲಿ ಹೋಗಿದ್ದರೂ ಅದನ್ನು ನಾನು ನೋಡಿರಲೇ ಇಲ್ಲ. ನಮ್ಮವರು ಓರೆಗಣ್ಣಿನಲ್ಲಿ ನನ್ನನ್ನೇ ನೋಡುತ್ತ ಓಡಿಸಿದರು.

ಕಾರಿನ ಸದ್ದು ಕೇಳಿ ಅಕ್ಕ ಬಕೆಟ್ಟು, ಒದ್ದೆ ಬಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. ಒಳಗೆ ಹಾಸಿಗೆ ಹಾಸಿದ್ದು ಬಾಗಿಲಿನಿಂದಲೇ ಕಾಣುತ್ತಿತ್ತು.

"ಅಕ್ಕಾ, ಹಸಿವಿ ಆಗೇತಿ," ಅಂದೆ.

ಅವಳು ಬಕೆಟ್ಟು ಕೆಳಗಿಟ್ಟಳು. ನನ್ನ ಕೈಯಿಂದ ನಿಂಬೆಹಣ್ಣು ತೆಗೆದುಕೊಂಡು, ಉಗುರಿನ ಗುರುತಿಗಾಗಿ ಸುತ್ತಲೂ ತಿರುವಿ ನೋಡಿದಳು. ಒಂದೂ ಇರಲಿಲ್ಲ. ಆಮೇಲೆ ಒಳಗೆ ಹೋಗಿ ರೊಟ್ಟಿ ಬುಟ್ಟಿ ತಂದು ನನ್ನ ತಲೆಯ ಮೇಲಿಟ್ಟು, "ಹಂಗಾರ ಬುಟ್ಟಿ ನೀನ ಹೊರು. ಇಷ್ಟ ವರ್ಷದ್ದು ಬಾಕಿ ಐತಿ," ಅಂದಳು. ಹಾಸಿಗೆ ವ್ಯರ್ಥವಾಗಲಿಲ್ಲ, ಡ್ರೈವಿಂಗ್ ಮಾಡಿ ದಣಿದ ನಮ್ಮವರು ಅದರ ಮೇಲೆ ಬಿದ್ದುಕೊಂಡರು, ಬೆಕ್ಕು ಅವರ ಕಾಲಬುಡ ಸೇರಿತು.

ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಅಕ್ಕ ನನ್ನ ಪಕ್ಕದಲ್ಲೇ ಕೂತಳು. ಉಳ್ಳಾಗಡ್ಡಿ ಹೆಚ್ಚಿ, ಅದೇ ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ಮೊದಲ ಹೋಳನ್ನು ನನ್ನ ತಾಟಿಗೆ ಹಿಂಡಿದಳು. ನನಗೆ ಅಳು ಬಂತು. "ಉಳ್ಳಾಗಡ್ಡಿ ಖಾರ ಐತಿ," ಎಂದು ಹೇಳಿ ರೊಟ್ಟಿ ಮುರಿದೆ.