ಅಕ್ಕನ ಕೆನ್ನೆಗೆ ಸ್ಕ್ಯಾನಿಂಗ್

ನಾನು ಹೇಳೋದನ್ನ ನಂಬಬೇಡಿ ಅಂತ ಅಕ್ಕ ಊರಿಗೆಲ್ಲ ಹೇಳಿದ್ದಾಳೆ, ಆದರೂ ಕೇಳಿ.

ಮಗಳ ಮದುವೆಗೆ ಮುಂಚೆ ಸೂಜಿಯಲ್ಲಿ ಫಿಲ್ಲರ್ ಹಾಕಿಸಿ ಕೆನ್ನೆ ತುಂಬಿಸಿಕೊಳ್ಳೋಕೆ ಅಕ್ಕ ಬಸವನಗುಡಿಯ ಕ್ಲಿನಿಕ್ಕಿಗೆ ಹೊರಟಳು. ಜೊತೆಗೆ ಅದೇ ಕೆಲಸಕ್ಕೆ ಬೀಗಿತ್ತಿ, ಸಾರಥಿ ನಾನು.

"ಕಡ್ಲೆಹಿಟ್ಟು ಬಿಟ್ರೆ ಮುಖಕ್ಕೆ ಇನ್ನೇನೂ ಸೋಕಿಸಿಲ್ಲ" ಅಂತ ಅಕ್ಕ ದಾರಿಯುದ್ದಕ್ಕೂ ಕೊಚ್ಚಿಕೊಂಡಳು.

"ನಾನೂ ಅಷ್ಟೇ" ಅಂದರು ಬೀಗಿತ್ತಿ.

ಸೂಜಿ ಚುಚ್ಚುವ ಮೊದಲು ರಕ್ತನಾಳ ಎಲ್ಲಿದೆ ನೋಡೋಣವೆಂದು ಡಾಕ್ಟರು ಅಕ್ಕನ ಕೆನ್ನೆಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು.

"ಇಲ್ಲಿ ಹಳೇ ಫಿಲ್ಲರ್ ಇದೆಯಲ್ಲಮ್ಮಾ, ಯಾವಾಗ ಹಾಕಿಸಿದ್ರಿ?"

ಅಕ್ಕ ದಿಕ್ಕುತೋಚದೆ ನನ್ನತ್ತ ನೋಡಿದಳು.

"ಅದು ಕಡ್ಲೆಹಿಟ್ಟೇ ಡಾಕ್ಟ್ರೇ, ಒಳಕ್ಕೆ ಇಳಿದುಬಿಟ್ಟಿದೆ" ಅಂದೆ.

ಡಾಕ್ಟರು ನಗುತ್ತಾ ಮುಂದಿನ ಸ್ಕ್ಯಾನಿಗೆ ಬೀಗಿತ್ತಿಯನ್ನು ಕರೆದರು. ಅವರು ಬ್ಯಾಗು ಎತ್ತಿಕೊಂಡು ಎದ್ದೇಬಿಟ್ಟರು. "ನಂಗೆ ಬೇಡಪ್ಪ, ಚಿಕ್ಕಪೇಟೇಲಿ ಸೀರೆ ಅಂಗಡಿ ಮುಚ್ಚಿಬಿಡ್ತಾರೆ!"

ಆಗಿನ್ನೂ ಬೆಳಗಿನ ಹನ್ನೊಂದು ಗಂಟೆ. ಅಕ್ಕನ ಮುಖ ಎಷ್ಟು ಅರಳಿತೆಂದರೆ, ಸೂಜಿಯ ಅಗತ್ಯವೇ ಇರಲಿಲ್ಲ.