ಅಡುಗೆಮನೆಗೆ ಹೋದ ತೆಂಗಿನ ಗೊನೆ

ದಾನಿ, ಆ ಕೋಳಿ ಕದ್ದದ್ದಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅರಸೀಕೆರೆಯ ಚರ್ಚಿನಲ್ಲಿ, ಸುಗ್ಗಿ ಹಬ್ಬದ ದಿನ, ತುಂಬಿದ ಸಭೆಯ ಎದುರು ಒಡಹುಟ್ಟಿದ ತಮ್ಮನಾದ ನಿನ್ನನ್ನು ಕಳ್ಳನೆಂದೆ. ನಿನಗೆ ಸಿಗಬೇಕಿದ್ದ ಚರ್ಚ್ ಕಾಯುವ ಕೆಲಸ, ಅದರ ಜೊತೆಗಿನ ಮನೆ — ಎರಡೂ ಆ ಒಂದು ಮಾತಿಗೆ ಹೋದವು. ಹೊಟ್ಟೆಕಿಚ್ಚಿಗೆ ಅಂದೆ. ಬೇರೆ ಹೆಸರು ಅದಕ್ಕಿಲ್ಲ.

ಆ ಹಬ್ಬಕ್ಕೆ ಕಾಣಿಕೆಯಾಗಿ ನಾನು ತಂದದ್ದು ತೆಂಗಿನ ಗೊನೆ, ಕಣಕಟ್ಟೆಯ ನನ್ನ ತೋಟದ ಮೊದಲ ಫಸಲು. ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರದ್ದು. ಮನೆಯಲ್ಲಿ ಒಬ್ಬರಿಗೂ ಒಂದು ಕಾಯಿ ಮುಟ್ಟಗೊಡದೆ ಇಡೀ ಗೊನೆ ಇಳಿಸಿ ತಂದಿದ್ದೆ. ಸಭಾಪಾಲಕರು ಎತ್ತಿ ತೋರಿಸುತ್ತಾರೆ, ನನ್ನ ಹೆಸರು ಹೇಳುತ್ತಾರೆ, ಕಾಣಿಕೆಗಳ ಹರಾಜಿನಲ್ಲಿ ಜನ ನಾ ಮುಂದು ತಾ ಮುಂದು ಎನ್ನುತ್ತಾರೆ — ದಾರಿಯುದ್ದಕ್ಕೂ ಇದೇ ಯೋಚನೆ. ಸಭಾಪಾಲಕರು ಗೊನೆ ನೋಡಿ, "ಸದ್ಯ, ಮಧ್ಯಾಹ್ನದ ಸಾರಿಗೆ ಕಾಯಿ ಸಾಲದಾಗಿತ್ತು, ಒಳಗೆ ಕಳಿಸಿ" ಅಂದರು. ಅಷ್ಟೇ.

ಆಮೇಲೆ ನಿನ್ನ ಕೋಳಿ ಬಂತು. ನೀನು ಕೂಲಿಗಿದ್ದ ಬಿಕ್ಕೋಡಿನ ಕಾಫಿ ಎಸ್ಟೇಟಿನಿಂದ ಬಸ್ಸಿನಲ್ಲಿ ಕಂಕುಳಲ್ಲಿಟ್ಟುಕೊಂಡು ತಂದದ್ದು. ಹರಾಜಿನಲ್ಲಿ ಕೊಂಡವರು ನಮ್ಮ ಸಭೆಯ ರೂಢಿಯಂತೆ ಅದನ್ನು ದೇವರಿಗೇ ವಾಪಸ್ ಕೊಟ್ಟರು. ಮತ್ತೆ ಹರಾಜು, ಮತ್ತೆ ವಾಪಸ್. ಪ್ರತಿ ಸಲವೂ ನಿನ್ನ ಹೆಸರು, ನಗು, ಚಪ್ಪಾಳೆ. ಹಿಂದಿನ ಕೋಣೆಯಲ್ಲಿ ನನ್ನ ಕಾಯಿ ಒಡೆಯುತ್ತಿದ್ದರು. ನಾನು ಎದ್ದು ನಿಂತೆ.

"ಅದು ಇವನ್ದಲ್ಲ. ಲೈನ್ ಮನೇಲಿ ಯಾರ್ದೋ ಕೋಳಿ ಹಿಡ್ಕಂಡ್ ಬಂದವ್ನೆ."

ಅವ್ವ ಕೊಟ್ಟ ಮರಿಯನ್ನು ನಿನ್ನ ಹೆಂಡತಿ ಸಾಕಿದ್ದನ್ನು ಕಣ್ಣಾರೆ ಕಂಡವನು ನಾನು. ನೀನು, "ಅಣ್ಣ, ನೀನೇ ಹಿಂಗಂದ್ರೆ ಇನ್ಯಾರ್ ನಂಬ್ತಾರೆ" ಅಂದು ಹೊರಟುಹೋದೆ. ಮಕ್ಕಳನ್ನು ಎಸ್ಟೇಟಿನ ಕೂಲಿಯವರ ಆ ಲೈನ್ ಮನೆಯಿಂದ ಹೊರಗೆ ತರಬೇಕೆಂಬ ನಿನ್ನ ಆಸೆ — ಅದೂ ನನಗೆ ಗೊತ್ತಿತ್ತು. ಕಳ್ಳನ ಕೈಗೆ ಚರ್ಚಿನ ಬೀಗದ ಕೈ ಯಾರು ಕೊಡುತ್ತಾರೆ?

ಅದಾಗಿ ಎಷ್ಟೋ ವರ್ಷವಾಯಿತು. ಬರುವ ಭಾನುವಾರ ಚರ್ಚಿನಲ್ಲಿ ಸತ್ಯವೇದ ಓದುವ ಸರದಿ ನನ್ನದು. ಬಂದಿರುವ ಭಾಗ ಕಾಯಿನನದು. ಹೊಲದ ಬೆಳೆ ತಂದ ಅವನ ಕಾಣಿಕೆಯನ್ನು ದೇವರು ಕಣ್ಣೆತ್ತಿ ನೋಡಲಿಲ್ಲ, ಕುರಿ ತಂದ ತಮ್ಮನದನ್ನು ಮೆಚ್ಚಿದ. ಅಣ್ಣ ತಮ್ಮನನ್ನು ಕೊಂದ. ಈ ಭಾಗ ಬಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಬೆವರು ಸುರಿಸಿದವನದು ಏಕೆ ಬೇಡವಾಯಿತು? ಅವನಿಗೂ ಒಂದು ಒಳ್ಳೆಯ ಮಾತು ಆಡಿದ್ದರೆ ದೇವರ ಗಂಟೇನು ಹೋಗುತ್ತಿತ್ತು? ಆ ಕೋಪ ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಕಾಯಿನನ ಸಿಟ್ಟು ದೇವರ ಮೇಲೆ, ಕೈಗೆ ಸಿಕ್ಕಿದ್ದು ತಮ್ಮ. ನಾನೂ ಹಾಗೇ — ಸಭಾಪಾಲಕರ ಎದುರು ಬಾಯಿ ಬರಲಿಲ್ಲ, ನಿನ್ನ ಮೇಲೆ ಬಂತು. ಹೇಡಿ ನಾನು.

ನಿನ್ನೆ ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡುತ್ತಿದ್ದೆ. ನಿನ್ನ ತಮ್ಮ ಎಲ್ಲಿ ಎಂದು ದೇವರು ಕಾಯಿನನನ್ನು ಕೇಳುವಲ್ಲಿ ನಾಲಿಗೆ ನಿಂತುಹೋಯಿತು. ಅವನನ್ನು ಕೇಳುವವರಾದರೂ ಇದ್ದರು. ನನ್ನನ್ನು ಇಷ್ಟು ವರ್ಷ ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ, ದಾನಿ. ಹಿರಿಯನೆಂದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ನಾನೂ ಕೂತೆ.

ಭಾನುವಾರ ಓದುವುದನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಯಾರೂ ಕೇಳದಿದ್ದರೂ ಹೇಳುತ್ತೇನೆ — ನನ್ನ ತಮ್ಮ ಬಿಕ್ಕೋಡಿನ ಲೈನ್ ಮನೆಯಲ್ಲಿದ್ದಾನೆ, ಅವನನ್ನು ಅಲ್ಲೇ ಉಳಿಸಿದವನು ನಾನು.