ಮಂಗಳೂರಿನ ಗಂಟೆ, ಕುಂಬ್ಡಾಜೆಯ ಬಸ್ಸು

ಅಡಿಕೆ ಹಾಳೆಯ ತಟ್ಟೆ ಮಾಡುವ ಆ ಘಟಕದ ಕಂಪ್ಯೂಟರಿಗೆ ಎರಡು ಸಲ ಹೊಸ ಬ್ಯಾಟರಿ ಹಾಕಿದ್ದೆ. ಆದರೂ ಅದರ ಗಡಿಯಾರ ಹತ್ತು ನಿಮಿಷ ಹಿಂದೆಯೇ. ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಇಷ್ಟು ವರ್ಷವಾಯಿತು, ಇಂಥ ಮಂಡೆಬಿಸಿ ನೋಡಿರಲಿಲ್ಲ. ಅಲ್ಲಿನ ಹಾಜರಿಯ ಪ್ರೋಗ್ರಾಮ್ ಬರೆದುಕೊಟ್ಟವನೂ ನಾನೇ. ಕೆಲಸದವರು ಬೆರಳು ಒತ್ತಿದ ಕೂಡಲೇ ಅದು ಆ ಕಂಪ್ಯೂಟರಿನ ಸಮಯ ಬರೆದುಕೊಳ್ಳುತ್ತಿತ್ತು. ಎಂಟೂವರೆ ದಾಟಿದರೆ ‘ತಡ’. ತಿಂಗಳಿಗೆ ಮೂರು ಸಲಕ್ಕಿಂತ ಹೆಚ್ಚು ತಡವಾದರೆ ಬೇರೆ ಜನ ನೋಡಿಕೊಳ್ಳುತ್ತೇವೆ ಎಂದು ಮಂಗಳೂರಿನಲ್ಲಿ ಕೂತ ಧನಿಗಳ ಕಟ್ಟಪ್ಪಣೆ.

“ಗಡಿಯಾರ ಸರಿ ಮಾಡ್ತೀರಾ, ನಾನು ಬೇರೆ ಯಾರನ್ನಾದ್ರೂ ಕರೀಬೇಕಾ?” ಎಂದು ಧನಿಗಳು ಫೋನಿನಲ್ಲಿ ರೇಗಿದರು. ನನಗೂ ರೋಸಿಹೋಗಿತ್ತು. ಈ ಡಬ್ಬಿಯನ್ನು ನಂಬುವುದೇ ಬೇಡ ಎಂದು ಪ್ರೋಗ್ರಾಮ್ ತಿದ್ದಿದೆ. ಇನ್ನು ಅದು ಮಂಗಳೂರು ಆಫೀಸಿನ ಕಂಪ್ಯೂಟರನ್ನು ನೆಟ್ಟಿನಲ್ಲಿ ‘ಈಗ ಗಂಟೆ ಎಷ್ಟು’ ಎಂದು ಕೇಳಬೇಕು, ಬಂದ ಉತ್ತರವನ್ನೇ ಬರೆದುಕೊಳ್ಳಬೇಕು, ಪರದೆಯಲ್ಲೂ ಅದನ್ನೇ ದೊಡ್ಡದಾಗಿ ತೋರಿಸಬೇಕು. ಒತ್ತಿ ನೋಡಿದೆ. ಸೆಕೆಂಡಿನೊಳಗೆ ಉತ್ತರ ಬಂತು. ಸದ್ಯ, ಪೀಡೆ ತೊಲಗಿತು ಎಂದುಕೊಂಡೆ.

ಹಾಜರಿ ನೋಡಿಕೊಳ್ಳುವ ಬಾಯಮ್ಮ ಮಾತ್ರ ಮುಖ ಸಪ್ಪೆ ಮಾಡಿದರು.

“ಇನ್ನು ಗಡಿಯಾರ ಹಿಂದೆ ಇಡ್ಲಿಕ್ಕೆ ಆಗುದಿಲ್ವಾ?”

“ಎಂತಕ್ಕೆ ಹಿಂದೆ ಇಡುದು?”

“ನಿಮ್ಮ ಬ್ಯಾಟರಿ ಸರಿಯೇ ಉಂಟು ಮಾರಾಯ್ರೆ. ನೀವು ಸರಿ ಮಾಡಿ ಹೋದ ಮೇಲೆ ಪುನಃ ಹತ್ತು ನಿಮಿಷ ಹಿಂದೆ ಇಡ್ತಿದ್ದದ್ದು ನಾನು. ಕುಂಬ್ಡಾಜೆಯ ಬಸ್ಸು ಬರುದೇ ಎಂಟು ಮೂವತ್ತೈದಕ್ಕೆ. ಅದರಲ್ಲಿ ಒಬ್ಬಳು ಬರ್ಲಿಕ್ಕುಂಟಲ್ಲ.”

ಆ ಒಬ್ಬಳು ತಟ್ಟೆ ಒತ್ತುವ ಮೆಷಿನಿನಲ್ಲಿ ದುಡಿಯುವವಳು. ಗಂಡ ಇಲ್ಲ. ಒಂದನೇ ಕ್ಲಾಸಿನ ಮಗಳನ್ನು ಏಳೂಮುಕ್ಕಾಲಿಗೆ ಬರುವ ಶಾಲೆಯ ಜೀಪಿಗೆ ಹತ್ತಿಸಿದ ಮೇಲೆಯೇ ಅವಳು ಬಸ್ಸು ಹಿಡಿಯುವುದು. ಅದಕ್ಕೆ ಮೊದಲಿನ ಬಸ್ಸು ಅವಳ ಊರಿನಿಂದ ಹೊರಡುವುದು ಆರೂವರೆಗೆ.

ಅಯ್ಯೋ ದೇವರೇ! ನನ್ನ ಅತಿಬುದ್ಧಿಗೆ ಬೆಂಕಿ ಬೀಳಲಿ. ಧನಿಗಳಿಗೆ ಫೋನ್ ಮಾಡಿ ಆಕೆಗೆ ಕಾಲು ಗಂಟೆ ರಿಯಾಯಿತಿ ಕೊಡಿ ಎಂದು ಕೇಳಿದೆ. “ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ಒಂಬತ್ತಕ್ಕೆ ಬರ್ತಾರೆ” ಎಂದು ಫೋನ್ ಇಟ್ಟುಬಿಟ್ಟರು. ಮಂಗಳೂರಿನಿಂದ ಬಂದ ಸಮಯದಲ್ಲಿ ಹತ್ತು ನಿಮಿಷ ಕಳೆಯಲು ಪ್ರೋಗ್ರಾಮಿನಲ್ಲಿ ಒಂದು ಸಾಲು ಸಾಕಿತ್ತು. ಬಾಯಮ್ಮನಿಗಿದ್ದ ಧೈರ್ಯ ನನಗಿರಲಿಲ್ಲ. ಹೆದರಿದೆ, ಬರೆಯಲಿಲ್ಲ.

ಮುಂದಿನ ತಿಂಗಳು ಅಲ್ಲಿನ ಪ್ರಿಂಟರ್ ನೋಡಲು ಬೆಳಿಗ್ಗೆ ಬೇಗ ಹೋದೆ. ಘಟಕದ ಬಾಗಿಲು ಆಗಷ್ಟೇ ತೆರೆದಿತ್ತು. ಆಕೆ ಆರೂವರೆಯ ಬಸ್ಸಿಗೇ ಬಂದು, ಕಿವಿಗೆ ಫೋನ್ ಹಿಡಿದು, ನನ್ನ ಪರದೆಯ ಮುಂದೆ ನಿಂತಿದ್ದಳು. ನನ್ನನ್ನು ಕಂಡು ಸ್ವಲ್ಪ ಸರಿದಳು.

“ಮನೆಯಲ್ಲಿ ಈಗ ಮಗಳೊಬ್ಬಳೇ ಇರುದು ಅಣ್ಣ. ಅವಳಿಗೆ ಗಡಿಯಾರ ನೋಡ್ಲಿಕ್ಕೆ ಇನ್ನೂ ಬರುದಿಲ್ಲ. ಇದ್ರಲ್ಲಿ ಸರಿಯಾದ ಟೈಮ್ ಉಂಟಲ್ಲ, ಹಾಗೆ.”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಪರದೆಯಲ್ಲಿ ಏಳು ನಲವತ್ತಾಯಿತು. ಫೋನಿನಿಂದ ಸಣ್ಣ ದನಿ ನನಗೂ ಕೇಳಿಸಿತು.

“ಅಮ್ಮಾ, ಈಗ ಗಂಟೆ ಆಯ್ತಾ?”

“ಆಯ್ತು ಮಗಾ. ಇನ್ನು ಬೀಗ ಹಾಕಿ ಹೊರಡು.”